ಕಂಡಕ್ಟರ್ ಅಪ್ಪನ ಶನಿವಾರದ ಬ್ಯಾಕಪ್

ನಮ್ಮಪ್ಪ ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಯಾರ ಮಾತನ್ನೂ ಸುಮ್ಮನೆ ನಂಬಿ ಅವರಿಗೆ ಗೊತ್ತಿಲ್ಲ. ಬೀಗ ಹಾಕಿದ ಮೇಲೆ ಎರಡು ಸಲ ಜಗ್ಗಿ ನೋಡುತ್ತಾರೆ. ಗ್ಯಾಸ್ ಆರಿಸಿದ್ದೇನೆ ಎಂದು ನಾನು ಹೇಳಿದರೂ ಎದ್ದು ಹೋಗಿ ನೋಡಿಕೊಂಡು ಬರುತ್ತಾರೆ. ನಿವೃತ್ತರಾದ ಮೇಲೆ ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವ ಕೆಲಸ ಹಿಡಿದರು. ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಡ್ರೈವರ್ ಬೆಚ್ಚಿಬೀಳುವಂಥ ದನಿ ಅವರದು. ಅದನ್ನು ಪುಸ್ತಕದ ಮಟ್ಟಕ್ಕೆ ಇಳಿಸಲು ಆರು ತಿಂಗಳು ಬೇಕಾಯಿತು. ಆ ಆರು ತಿಂಗಳೂ ನಾನು ಪಕ್ಕದ ಕೋಣೆಯಲ್ಲೇ ಇದ್ದೆ. ನನ್ನ ಪಾಡು ನೀವೇ ಊಹಿಸಿಕೊಳ್ಳಿ.

ಮೆಟ್ಟಿಲ ಕೆಳಗಿನ ಸಣ್ಣ ಕೋಣೆ ಅವರ ಸ್ಟುಡಿಯೋ. ಸದ್ದು ಬಾರದಂತೆ ಕಿಟಕಿಗೆ ಹಳೆಯ ಹಾಸಿಗೆ ಒರಗಿಸಿ, ಬಾಗಿಲ ಸಂದಿಗೆ ಟವೆಲ್ ತುರುಕಿ ಕೂರುತ್ತಿದ್ದರು. ಕಂಪ್ಯೂಟರ್ ಇನ್ನೇನು ಗುಜರಿಗೆ ಹೋಗಬೇಕಾಗಿದ್ದದ್ದು. ಬೀದಿ ಕೊನೆಯ ರಿಪೇರಿಯವನು ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟ ಮೇಲೆ ಅದಕ್ಕೆ ಮತ್ತೆ ಜೀವ ಬಂದಿತ್ತು. ನನ್ನ ಲ್ಯಾಪ್‌ಟಾಪಿಗೂ ಅವನೇ ಅದನ್ನು ಹಾಕಿದ್ದ.

ಅಪ್ಪನಿಗೆ ಫೋಲ್ಡರಿನೊಳಗಿನ ಫೋಲ್ಡರ್ ಹುಡುಕುವುದು ಕಷ್ಟ. ದಿನಕ್ಕೆ ಹತ್ತು ಸಲ ಕರೆದು ನನ್ನ ಪ್ರಾಣ ತಿನ್ನುತ್ತಿದ್ದರು. ಒಂದು ದಿನ ರೇಗಿ, ಪರದೆಯ ಮೇಲೆ ‘ಪಾಠಗಳು’ ಎಂಬ ಶಾರ್ಟ್‌ಕಟ್ ಇಟ್ಟುಕೊಟ್ಟೆ. ಇದನ್ನು ಒತ್ತಿದರೆ ಸಾಕು, ಎಲ್ಲ ಇಲ್ಲೇ ಇದೆ ಎಂದೆ. ಎಲ್ಲ ಇಲ್ಲೇ ಇದೆ ಎಂದವಳು ನಾನೇ. ಆ ಮಾತನ್ನು ಎಷ್ಟು ಸಲ ನುಂಗಿಕೊಳ್ಳಲು ನೋಡಿದ್ದೇನೋ ಲೆಕ್ಕವಿಲ್ಲ.

ಆ ವರ್ಷ ಅವರು ಓದುತ್ತಿದ್ದದ್ದು ಕಾನೂನು ಪುಸ್ತಕ, ನಲವತ್ತೊಂದು ಪಾಠ. ಅದನ್ನು ಕೇಳಬೇಕಾದವಳು ಒಬ್ಬ ವಿದ್ಯಾರ್ಥಿನಿ. ಕಣ್ಣು ಒಂದಿಷ್ಟೂ ಕಾಣದು. ಕೇಳಿ ಓದುವಂಥ ಪುಸ್ತಕ ಎಲ್ಲೂ ಸಿಗದೆ ಹಿಂದಿನ ವರ್ಷ ಪರೀಕ್ಷೆಗೇ ಕೂರಲಿಲ್ಲ. ಈ ಸಲವೂ ಬಿಟ್ಟರೆ ಕಾಲೇಜಿನಿಂದ ಹೆಸರು ತೆಗೆಯುತ್ತಾರೆ. ಮುಗಿದಷ್ಟನ್ನು ಆಗಾಗ ಕಳಿಸಿ ತಾತ ಎಂದು ಅವಳು ಕೇಳಿಕೊಂಡಿದ್ದಳು. ಅಪ್ಪ ಒಪ್ಪಲಿಲ್ಲ. ಪೂರ್ತಿ ಓದಿ, ಮೊದಲಿನಿಂದ ಕೇಳಿ, ತಪ್ಪು ತಿದ್ದಿ ಒಟ್ಟಿಗೇ ಕೊಡುವುದು ಅವರ ಪದ್ಧತಿ. ಒಂದು ಸೆಕ್ಷನ್ ನಂಬರ್ ತಪ್ಪಿದರೂ ಅವಳ ಭವಿಷ್ಯ ಹಾಳು ಎಂಬ ಭಯ ಅವರಿಗೆ.

ಪ್ರತಿ ಶನಿವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ಬ್ಯಾಕಪ್‌ಗೆ ಕೂರುತ್ತಿದ್ದರು. ಹೊರಗಿನ ಡಿಸ್ಕ್ ಚುಚ್ಚಿ, ಪರದೆಯ ಮೇಲಿನ ‘ಪಾಠಗಳು’ ಚಿತ್ರವನ್ನು ಅದಕ್ಕೆ ಕಾಪಿ ಮಾಡಿ, ಅಷ್ಟಕ್ಕೇ ಬಿಡದೆ ಡಿಸ್ಕಿನಿಂದಲೇ ಒಂದೆರಡು ಪಾಠ ತೆರೆದು ಕೇಳುತ್ತಿದ್ದರು. ದನಿ ಬಂದರೆ ಸಮಾಧಾನ. ಅಷ್ಟೂ ಪಾಠ ಕಣ್ಣು ಮಿಟುಕಿಸುವಷ್ಟರಲ್ಲಿ ಕಾಪಿಯಾಗುತ್ತದೆ, ಲಿನಕ್ಸ್ ಅಂದರೆ ಲಿನಕ್ಸ್ ಎಂದು ಬಂದವರ ಮುಂದೆಲ್ಲ ಹೊಗಳುತ್ತಿದ್ದರು. ನಾನೂ ಕೇಳಿ ತಲೆಯಾಡಿಸಿದ್ದೇನೆ. ನನ್ನ ತಲೆಯಲ್ಲಿ ಆಗ ಏನಿತ್ತೋ ಏನೋ.

ಮೂವತ್ತೆಂಟು ಪಾಠ ಮುಗಿದಿತ್ತು, ಪರೀಕ್ಷೆಗೆ ಹನ್ನೆರಡು ದಿನ ಇತ್ತು. ಬೆಳಿಗ್ಗೆ ಕಂಪ್ಯೂಟರಿನ ಒಳಗಿನಿಂದ ಟಿಕ್ ಟಿಕ್ ಎಂದು ಸದ್ದು ಬರತೊಡಗಿತು. ಒಂದು ಪಾಠ ತೆರೆಯಲು ಐದು ನಿಮಿಷ. ನಾನು ಗಾಬರಿಯಾದೆ, ಅಪ್ಪ ಮಾತ್ರ ತಣ್ಣಗಿದ್ದರು. ಬ್ಯಾಕಪ್ ಇದೆಯಲ್ಲ, ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ ಎಂದು ಡಿಸ್ಕನ್ನು ತಂದು ನನ್ನ ಕೈಗಿಟ್ಟರು. ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದೆ. ‘ಪಾಠಗಳು’ ಇತ್ತು. ಒತ್ತಿದರೆ, ಈ ಕೊಂಡಿ ತೋರಿಸುವ ಜಾಗವೇ ಇಲ್ಲ ಎಂದಿತು. ಮತ್ತೆ ಒತ್ತಿದೆ. ಅದೇ ಉತ್ತರ. ಇಡೀ ಡಿಸ್ಕಿನಲ್ಲಿ ಒಂದು ಪಾಠವೂ ಇರಲಿಲ್ಲ.

ಆಗ ಅರ್ಥವಾಯಿತು. ನಾನು ಇಟ್ಟುಕೊಟ್ಟದ್ದು ಬರೀ ದಾರಿ ತೋರಿಸುವ ಫಲಕ. ಅಪ್ಪ ಪ್ರತಿ ಶನಿವಾರ ಆ ಫಲಕವನ್ನೇ ಕಾಪಿ ಮಾಡಿದ್ದರು. ಡಿಸ್ಕಿನಿಂದ ತೆರೆದಾಗಲೂ ಅದು ಇದೇ ಕಂಪ್ಯೂಟರಿನ ಮೂಲ ಪಾಠಕ್ಕೇ ಕರೆದೊಯ್ಯುತ್ತಿತ್ತು. ಇಷ್ಟು ದಿನ ಅವರು ಪರೀಕ್ಷಿಸಿದ್ದು ಬ್ಯಾಕಪ್ಪನ್ನಲ್ಲ, ಮೂಲವನ್ನೇ. ಇನ್ನೊಂದು ಯಂತ್ರದಲ್ಲಿ ಒಮ್ಮೆ ನೋಡಿದ್ದರೂ ಗುಟ್ಟು ಬಯಲಾಗುತ್ತಿತ್ತು.

ಅಪ್ಪನಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ, ಡಿಸ್ಕಿನಲ್ಲಿರುವ ಪಾಠಗಳು ಯಾಕೋ ತೆರೆಯುತ್ತಿಲ್ಲ ಎಂದು ಸುಳ್ಳು ಹೇಳಿ ರಿಪೇರಿಯವನಿಗೆ ಫೋನ್ ಮಾಡಿದೆ. ಏನೇ ಆದರೂ ಕಂಪ್ಯೂಟರ್ ಆಫ್ ಮಾಡಬೇಡಿ, ಮಾಡಿದರೆ ಮತ್ತೆ ಏಳುವುದು ಅನುಮಾನ, ಬರುವಷ್ಟನ್ನು ಈಗಲೇ ಒಂದೊಂದಾಗಿ ಎಳೆದುಕೊಳ್ಳಿ ಎಂದ. ಈ ಸಲ ಫೋಲ್ಡರಿನೊಳಕ್ಕೇ ಹೋಗಿ, ಮೊದಲ ಪಾಠದಿಂದ ಹಿಡಿದು ಡಿಸ್ಕಿಗೆ ಹಾಕತೊಡಗಿದೆವು. ಒಂದು ಪಾಠಕ್ಕೆ ಎಂಟು ನಿಮಿಷ, ಕೆಲವಕ್ಕೆ ಹದಿನೈದು. ಸದ್ದು ನಿಂತರೆ ಜೀವ ಬಾಯಿಗೆ ಬರುತ್ತಿತ್ತು, ಜೋರಾದರೂ ಅಷ್ಟೇ. ಕರೆಂಟ್ ಹೋದರೆ ಕಥೆ ಮುಗಿಯಿತು ಎಂಬ ಭಯ ಬೇರೆ. ಅಪ್ಪ ಕಣ್ಣು ಕೀಳದೆ ಪರದೆ ನೋಡುತ್ತ ಕೂತಿದ್ದರು. ಊಟಕ್ಕೂ ಏಳಲಿಲ್ಲ. ಮಧ್ಯಾಹ್ನ ಮೂರೂವರೆಗೆ ಇಪ್ಪತ್ತೊಂಬತ್ತನೆಯ ಪಾಠ ದಾಟಿತು. ಮೂವತ್ತನೆಯದು ಅರ್ಧಕ್ಕೆ ನಿಂತಿತು, ಒಳಗೆ ಏನೋ ಕರಕರ ಎಂದಿತು, ಪರದೆ ಕಪ್ಪಾಯಿತು. ಆಮೇಲೆ ಏನು ಮಾಡಿದರೂ ಅದು ಏಳಲಿಲ್ಲ.

ಅಪ್ಪ ಡಿಸ್ಕನ್ನು ಕಳಚಿ ಅಂಗೈಯಲ್ಲಿಟ್ಟುಕೊಂಡರು. ಪ್ರತಿ ವಾರ ತೆರೆದು ನೋಡಿದ್ದೆನಲ್ಲ, ವಯಸ್ಸಾಯಿತು, ಎಲ್ಲೋ ನಾನೇ ಎಡವಟ್ಟು ಮಾಡಿದ್ದೇನೆ ಎಂದು ಗೊಣಗಿದರು. ಅದನ್ನು ಕೇಳಲು ನನ್ನಿಂದಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಶಾರ್ಟ್‌ಕಟ್ ಇಟ್ಟದ್ದು, ಅದೇನೆಂದು ಬಿಡಿಸಿ ಹೇಳದೆ ಹೋದದ್ದು, ಬೆಳಿಗ್ಗೆ ಹೇಳಿದ ಸುಳ್ಳು. ಬೈದರೆ ಸಾಕು ಅನ್ನಿಸಿತ್ತು. ಅವರು ಬೈಯಲಿಲ್ಲ.

“ನಿಂದು ಬಿಡು. ಆ ಹುಡುಗಿ ಕೇಳಿದಾಗಲೇ ಕೊಟ್ಟಿದ್ರೆ, ಅವಳ ಹತ್ರನಾದ್ರೂ ಇರ್ತಿತ್ತು,” ಎಂದರು.

ಅವಳಿಗೆ ಹೇಳದೆ ವಿಧಿಯಿರಲಿಲ್ಲ. ಫೋನ್ ಮಾಡಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಅಷ್ಟು ದೊಡ್ಡ ದನಿಯ ಮನುಷ್ಯ ಆ ಹೊತ್ತು ಫೋನಿನ ಹತ್ತಿರ ಬಗ್ಗಿ ಮಾತಾಡಬೇಕಾಯಿತು. ಕಂಪ್ಯೂಟರ್ ಹೋಯಿತು, ಮೂವತ್ತರಿಂದ ಮುಂದೆ ಏನೂ ಇಲ್ಲ, ಉಳಿದ ಇಪ್ಪತ್ತೊಂಬತ್ತನ್ನು ಕೇಳಿ ತಿದ್ದಲು ನಾಲ್ಕು ದಿನ ಬೇಕು, ತಿದ್ದಿದ ಕೂಡಲೇ ಕಳಿಸುತ್ತೇನೆ ಎಂದು ತಡವರಿಸುತ್ತ ಹೇಳಿದರು.

“ತಾತ, ನಾಲ್ಕು ತಿಂಗಳಿಂದ ಕಾಯ್ತಿದೀನಿ,” ಎಂದಳು ಅವಳು. ಸಿಟ್ಟಿರಲಿಲ್ಲ, ಬರೀ ಸುಸ್ತು. “ತಪ್ಪಿದ್ರೆ ಇರ್ಲಿ. ನಾನು ಯಾರನ್ನಾದ್ರೂ ಕೇಳಿ ತಿದ್ಕೋತೀನಿ. ತಪ್ಪೇ ಇಲ್ಲದ ಪಾಠ ಪರೀಕ್ಷೆ ಮುಗಿದ್ಮೇಲೆ ಬಂದ್ರೆ ನಾನೇನ್ ಮಾಡ್ಲಿ?”

ಅಪ್ಪನ ಮುಖ ಸಣ್ಣದಾಯಿತು. ನಾನು ಅವರನ್ನು ಹಾಗೆ ಯಾವತ್ತೂ ನೋಡಿರಲಿಲ್ಲ, ನೋಡಬಾರದಿತ್ತು ಅನ್ನಿಸಿತು. ಅವರು ಡಿಸ್ಕನ್ನು ನನ್ನ ಕಡೆ ದೂಡಿ, ಈಗಲೇ ಹೋಗಿ ಕೊಟ್ಟು ಬಾ ಎಂದರು. ಸಂಜೆಯೊಳಗೆ ಇಪ್ಪತ್ತೊಂಬತ್ತು ಪಾಠ, ತಪ್ಪುಗಳ ಸಮೇತ, ಅವಳ ಕಂಪ್ಯೂಟರ್ ಸೇರಿದವು. ಈ ಸಲ ಕಾಪಿ ಬಹಳ ಹೊತ್ತು ಹಿಡಿಯಿತು.

ಮರುದಿನ ಬೆಳಿಗ್ಗೆ ನನ್ನ ಲ್ಯಾಪ್‌ಟಾಪಿನಲ್ಲಿ ಮೂವತ್ತನೆಯ ಪಾಠ ಮತ್ತೆ ಶುರುವಾಯಿತು. ನಾನು ಉಸಿರು ಬಿಗಿಹಿಡಿದು ಪಕ್ಕದಲ್ಲೇ ಕೂತಿದ್ದೆ. ನಾಲ್ಕನೆಯ ಪುಟದಲ್ಲಿ ಅಪ್ಪ ಒಂದು ಸಾಲು ಹಾರಿಸಿದರು. ಅವರಿಗೇ ತಿಳಿಯಿತು. ನಿಲ್ಲಿಸಿ ಅಳಿಸಿ ಮೊದಲಿನಿಂದ ಓದಲೆಂದು ಬೆರಳು ಗುಂಡಿಯವರೆಗೆ ಹೋಯಿತು, ಆದರೆ ಒತ್ತಲಿಲ್ಲ.

“ಒಂದು ಸಾಲು ಬಿಟ್ಟೋಯ್ತು ಕಣಮ್ಮ. ಮತ್ತೆ ಓದ್ತೀನಿ, ಕೇಳಿಸ್ಕೋ,” ಎಂದು ಮೈಕಿಗೆ ಹೇಳಿ ಮುಂದೆ ಹೋದರು.

ಓದಿದ್ದನ್ನು ತಿರುಗಿ ಕೇಳಲಿಲ್ಲ. ಕಳಿಸು ಎಂದರು, ಕಳಿಸಿದೆ. ಇನ್ನೂ ಹನ್ನೊಂದು ಪಾಠ ಉಳಿದಿತ್ತು, ಓದಲು ಸಿಗುವುದು ಹತ್ತೇ ದಿನ. ಅಪ್ಪ ಎರಡು ಗುಟುಕು ನೀರು ಕುಡಿದು ಪುಟ ತಿರುಗಿಸಿದರು.