ಕಾಳಿಲ್ಲದೆ ತಿರುಗಿದ ಬೀಸುಕಲ್ಲು

ಬೀಸುಕಲ್ಲಿನ ಗೂಟ ಹಿಡಿದು ಹಿಡಿದು ಆಕೆಯ ಬಲ ಅಂಗೈಯ ಚರ್ಮ ದಪ್ಪಗಟ್ಟಿ ಹಳದಿಯಾಗಿತ್ತು. ಮಾನ್ವಿಯಲ್ಲಿ ನಮ್ಮ ಪಕ್ಕದ ಮನೆಯವಳು, ಓಣಿಗೆಲ್ಲ ದೊಡ್ಡವ್ವ. ನಿಜಾಮರ ಕಾಲ, ನಮ್ಮ ಕಡೆ ಹಿಟ್ಟಿನ ಗಿರಣಿ ಇನ್ನೂ ಬಂದಿರಲಿಲ್ಲ. ಹೆಂಗಸರು ಜೋಳದ ಪುಟ್ಟಿ ಹೊತ್ತು ಅವಳ ಪಡಸಾಲೆಗೆ ಬರುತ್ತಿದ್ದರು. ಪುಟ್ಟಿಯಿಲ್ಲದೆ ಬಂದವಳಿಗೆ ಹೇಳಿಕೊಳ್ಳುವುದೇನೋ ಇದೆ ಎಂದು ದೊಡ್ಡವ್ವನಿಗೆ ಗೊತ್ತು. ಆಗ ಕಾಳು ಹಾಕದೆಯೇ ಕಲ್ಲು ತಿರುಗಿಸುವಳು. ಆ ಸದ್ದಿನಲ್ಲಿ ಗೋಡೆಯಾಚೆಯ ಅತ್ತೆಯಂದಿರಿಗೆ ಏನೂ ಕೇಳಿಸದು. ಬರಿಗಲ್ಲು ಸವೆದು ಮರುದಿನ ರೊಟ್ಟಿಯಲ್ಲಿ ಮರಳು ಸಿಗುತ್ತಿತ್ತು. "ದೊಡ್ಡವ್ವನ ಕಲ್ಲು ಕೆಟ್ಟದ" ಎಂದು ಗಂಡಸರು ಬೈದುಕೊಂಡೇ ತಿನ್ನುತ್ತಿದ್ದರು.

ಒಂದು ಮಧ್ಯಾಹ್ನ ನಾನೂ ಬರಿಗೈಯಲ್ಲಿ ಹೋದೆ. ಮೂರನೆಯ ಹೆರಿಗೆಯಲ್ಲಿ ನೆತ್ತರು ನಿಂತಿರಲಿಲ್ಲ. ಇನ್ನೊಂದಾದರೆ ನೀನು ಉಳಿಯುವುದಿಲ್ಲ ಎಂದು ರಾಯಚೂರಿನ ಡಾಕ್ಟರಮ್ಮ ಹೇಳಿದ್ದರು. ಈಗ ಮತ್ತೆ ಎರಡು ತಿಂಗಳು. ಮನೆಯಲ್ಲಿ ಬಾಯಿಬಿಟ್ಟರೆ ನಮ್ಮತ್ತೆ ಅವತ್ತೇ ತೊಟ್ಟಿಲು ತೊಳೆದಿಡುತ್ತಿದ್ದಳು.

"ಹೇಳವ್ವಾ, ಕಲ್ಲು ತಿರಗಾಕತ್ತದ."

"ನಂಗ ಇದು ಬ್ಯಾಡ ದೊಡ್ಡವ್ವಾ" ಅನ್ನುವಷ್ಟರಲ್ಲಿ ಅಳು ಬಂತು. ಅವಳ ಕೈ ನಿಲ್ಲಲಿಲ್ಲ.

ಗಬ್ಬೂರಿನ ನೆಂಟರ ಮನೆಗೆಂದು ನಮ್ಮತ್ತೆಗೆ ಸುಳ್ಳು ಹೇಳಿ ನನ್ನನ್ನು ರಾಯಚೂರಿಗೆ ಕರೆದೊಯ್ದಳು. ಡಾಕ್ಟರಮ್ಮ ಒಪ್ಪಲಿಲ್ಲ. "ಕಾನೂನು ಬಿಡೋದಿಲ್ಲಮ್ಮಾ" ಎಂದರು. ದೊಡ್ಡವ್ವ ಅವರ ಕಟ್ಟೆಯ ಮೇಲೆ ಕೂತುಬಿಟ್ಟಳು. ಎರಡು ದಿನ ಕೂತೇ ಇದ್ದೆವು. ಬುತ್ತಿಯ ರೊಟ್ಟಿ ಒಣಗಿ ಮುರಿಯುತ್ತಿದ್ದವು. ನನಗಂತೂ ಸಾಕಾಗಿ ಹೋಗಿತ್ತು. ಮೂರನೆಯ ದಿನ ಡಾಕ್ಟರಮ್ಮ ಹೊರಗೆ ಬಂದಾಗ ದೊಡ್ಡವ್ವ ಬಾಯಿಬಿಟ್ಟಳು. ನಾನೂ ಅದನ್ನು ಕೇಳಿದ್ದು ಅವತ್ತೇ.

"ನನ್ನ ಮಗಳೂ ಹಿಂಗ ಹೇಳಾಕ ಬಂದಿದ್ಲ್ರೀ. ನಾ ಕಲ್ಲು ನಿಲ್ಲಿಸಿ 'ಏನಂದಿ?' ಅಂತ ಒದರಿದ್ನಿ. ಮನಿಮಂದಿ ಹೊಳ್ಳಿ ನೋಡಿದ್ರು, ಅಕಿ ಬಾಯಿ ಮುಚ್ಚಿದ್ಲು. ಕದ್ದು ಯಾರ ಹಂತ್ಯಾಕ ಹೋದ್ಲೋ, ಹೆಣಾ ಬಂತು. ಇಕಿನೂ ಹಂಗ ಹೋಗ್ಲೇನ್ರೀ?"

ಡಾಕ್ಟರಮ್ಮ, ನನ್ನ ಜೀವಕ್ಕೆ ಅಪಾಯವಿದೆಯೆಂದು ಕಾನೂನಿಗೆ ತೋರಿಸಲು ಕಾಗದದಲ್ಲಿ ಬರೆದು, ನನ್ನನ್ನು ಒಳಗೆ ಕರೆದರು.

ನಾನು ಉಳಿದೆ. ನನ್ನ ಮೂರು ಮಕ್ಕಳು ತಬ್ಬಲಿಗಳಾಗಲಿಲ್ಲ. ಈ ಋಣ ತೀರುವಂಥದ್ದಲ್ಲ.

ಎಷ್ಟೋ ವರ್ಷಗಳ ಮೇಲೆ, ತನ್ನ ಬದುಕಿನ ಕೊನೆಯ ದಿನ, ದೊಡ್ಡವ್ವನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಬಲಗೈ ಮಾತ್ರ ಚಾಪೆಯ ಮೇಲೆ ಸುತ್ತುತ್ತಲೇ ಇತ್ತು.

"ಸಾಕು ಬಿಡು ದೊಡ್ಡವ್ವಾ" ಎಂದೆ.

"ತಡಿ, ಮಗಳು ಇನ್ನಾ ಹೇಳಿ ಮುಗಿಸಿಲ್ಲ."

ಅವಳ ಕೈ ಸೋತಾಗ ನಾನು ಹಿಡಿದು ತಿರುಗಿಸಿದೆ.