ಎರಡನೇ ಗೇರಿಗೆ ಮುಂಚೆ

ಅವತ್ತು ಹೊಳಲ್ಕೆರೆ ಸಂತೆ ಮುಗಿಸಿಕೊಂಡು ಹಿರಿಯೂರಿಗೆ ವಾಪಸು ಬರುವಾಗ ನನಗೂ ನಮ್ಮ ಯಜಮಾನರಿಗೂ ಎರಡನೇ ಗೇರಿನ ವಿಷಯಕ್ಕೆ ಜಗಳವಾಯಿತು. ಗಂಡ ಹೆಂಡತಿ ಜಗಳವಾಡಲು ಲೋಕದಲ್ಲಿ ಬೇಕಾದಷ್ಟು ವಿಷಯಗಳಿವೆ. ಸಾರಿಗೆ ಉಪ್ಪು ಇದೆ, ನೆಂಟರು ಇದ್ದಾರೆ. ನಮಗೆ ಗೇರು. ಏಕೆಂದರೆ ನಮ್ಮ ಸರಕಿನ ವ್ಯಾನನ್ನು ಓಡಿಸುತ್ತಿದ್ದವರು ಅವರು, ಗೇರು ಹಾಕುತ್ತಿದ್ದವಳು ನಾನು.

ಊರ ಹೊರಗಿನ ರಸ್ತೆ ಹಂಪಿನ ಹತ್ತಿರ ಅವರು ಎಂದಿನಂತೆ ಕ್ಲಚ್ ಒತ್ತಿ "ಹ್ಞೂಂ" ಎಂದರು. ನಾನು ಮೂರರಿಂದ ಎರಡಕ್ಕೆ ಎಳೆದೆ. ಗೇರು ಬೀಳದೆ ಕರ್ರ್ ಎಂದಿತು. ಹಿಂದೆ ನೇತುಹಾಕಿದ್ದ ಕುರಿಗಂಟೆಗಳೆಲ್ಲ ಒಟ್ಟಿಗೆ ಬೈದವು.

"ಏನೇ ಇವತ್ತು ನಿನ್ನ ಕೈಗೆ ಬಂದಿರೋದು? ಮೂರನೇ ಸಲ ಇದು" ಎಂದರು.

"ನನ್ನ ಕೈಗೆ ಏನೂ ಬಂದಿಲ್ಲ. ನೀವು ಕ್ಲಚ್ ಪೂರ್ತಿ ಒತ್ತಿಲ್ಲ."

"ಒತ್ತೀನಿ ಕಣೇ."

"ಒತ್ತಿಲ್ಲ ಕಣ್ರೀ."

ಚಿತ್ರದುರ್ಗ ದಾಟುವವರೆಗೂ ಇದೇ ಮಾತು. ಆಮೇಲೆ ಇಬ್ಬರೂ ಮುಖ ಊದಿಸಿಕೊಂಡು ಹೆದ್ದಾರಿಯಲ್ಲಿ ನಾಲ್ಕನೇ ಗೇರಿನಲ್ಲಿ ಮನೆ ಸೇರಿದೆವು. ಮರುದಿನ ಬೆಳಿಗ್ಗೆ ಮುಖ ತೊಳೆಯಲು ಎದ್ದವರು ಬಚ್ಚಲ ಬಾಗಿಲಲ್ಲಿ ಕುಸಿದರು. ಮೂರನೆಯ ದಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ಹೀಗಾಗಿ ನಮ್ಮ ಆ ಜಗಳ ಇತ್ಯರ್ಥವಾಗದೆ ಉಳಿದಿದೆ.

ಒಂದು ಗಾಡಿಗೆ ಇಬ್ಬರು ಏಕೆ ಎಂದು ನೀವು ಕೇಳಬಹುದು. ನಮ್ಮದು ಹಗ್ಗ, ಕಣ್ಣಿ, ಕುರಿಗಂಟೆ, ಕುರಿ ಕೂಡಿಹಾಕುವ ಬಲೆ ಇವುಗಳ ವ್ಯಾಪಾರ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಯ ಸಂತೆಗಳಿಗೆ ವ್ಯಾನಿನಲ್ಲಿ ಹೋಗಿ ಬರುವುದು. ಒಂದು ವರ್ಷ ಇವರ ಎಡ ಭುಜ ಹಿಡಿದುಕೊಂಡಿತು. ಕೈ ಸ್ಟೇರಿಂಗಿನ ಮೇಲೆ ಸುಮ್ಮನೆ ಕೂರುತ್ತಿತ್ತು, ಗೇರಿಗೆ ಹೋಗು ಎಂದರೆ ಮಾತ್ರ ಜೀವ ಹೋಗುವಂತೆ ನೋಯುತ್ತಿತ್ತು. ಹಾಲುರಾಮೇಶ್ವರದ ಕಡೆಯ ಒಂದು ಏರಿನಲ್ಲಿ ವ್ಯಾನು ತಿಣುಕುತ್ತಿದ್ದಾಗ, "ಲೇ, ಆ ಕಡ್ಡಿ ಹಿಡ್ಕಂಡು ಹಿಂದಕ್ಕೆ ಎಳಿ" ಎಂದರು. ಎಳೆದೆ. ಅದು ಹ್ಯಾಂಡ್ ಬ್ರೇಕು. ನನ್ನ ವಿದ್ಯಾಭ್ಯಾಸ ಹೀಗೆ ಶುರುವಾಯಿತು.

ಭುಜ ಎರಡು ವರ್ಷದಲ್ಲಿ ವಾಸಿಯಾಯಿತು. ಆದರೆ ಗೇರು ನನ್ನ ಕೈಯಲ್ಲೇ ಉಳಿಯಿತು. ನಾನು ಬಿಡಲಿಲ್ಲ, ಅವರು ಕೇಳಲಿಲ್ಲ. ಮೊದಮೊದಲು ಒಂದು, ಎರಡು ಎಂದು ಎಣಿಸಿ ಹೇಳುತ್ತಿದ್ದರು. ಆಮೇಲೆ "ಹಾಕು", "ತೆಗಿ" ಎಂದಾಯಿತು. ಕಡೆಗೆ ಎಲ್ಲವೂ "ಹ್ಞೂಂ" ಎಂಬುದರೊಳಗೆ ಅಡಗಿತು. ಎಂಜಿನ್ನಿನ ಸದ್ದು ಕೇಳಿದರೆ ಯಾವ ಗೇರು ಎಂದು ನನಗೇ ತಿಳಿಯುತ್ತಿತ್ತು. ಹನ್ನೊಂದು ವರ್ಷ ಹೀಗೆ ಓಡಿಸಿದೆವು. ದೊಡ್ಡ ದೊಡ್ಡ ಕಂಪನಿಗಳು ಎಷ್ಟೋ ಜನ ಎಂಜಿನಿಯರುಗಳನ್ನು ಕೂರಿಸಿ ಮಾಡಿಸುವ ಆಟೋಮ್ಯಾಟಿಕ್ ಗೇರನ್ನು ಇವರು ಒಂದು ಭುಜನೋವಿನಿಂದ ಮಾಡಿಕೊಂಡಿದ್ದರು. ಅದಕ್ಕೆ ಎರಡು ಹೊತ್ತು ಮುದ್ದೆ ಹಾಕಿದರೆ ಸಾಕಿತ್ತು. ಆ ಮುದ್ದೆಯನ್ನೂ ಅದೇ ತಿರುವಿಕೊಳ್ಳುತ್ತಿತ್ತು.

ಒಮ್ಮೆ ಹಿರಿಯೂರಿನಲ್ಲಿ ಪೊಲೀಸಿನವನೊಬ್ಬ ಕೈ ಅಡ್ಡ ಹಾಕಿದ. ಗೇರಿನ ಮೇಲಿದ್ದ ನನ್ನ ಬಳೆಗಳನ್ನು ನೋಡಿ ಅವನಿಗೆ ಅನುಮಾನ ಬಂದಿತ್ತು.

"ಡ್ರೈವರ್ ಯಾರ್ರೀ ಇಲ್ಲಿ? ಲೈಸೆನ್ಸ್ ಯಾರಿಗೈತೆ?"

"ಅರ್ಧ ಗಾಡಿಗೆ ನನಗೈತೆ ಸಾರ್" ಎಂದರು ಇವರು.

"ಇನ್ನರ್ಧಕ್ಕೆ?"

"ಮದುವೆ ಆಗೈತಲ್ಲ ಸಾರ್."

ಆ ಪುಣ್ಯಾತ್ಮ ನಗು ತಡೆಯಲಾರದೆ, "ಹೋಗ್ರೀ, ಹೋಗ್ರೀ, ಇನ್ನೊಂದ್ಸಲ ನನ್ನ ಕಣ್ಣಿಗೆ ಬೀಳಬ್ಯಾಡ್ರಿ" ಎಂದು ಬಿಟ್ಟ. ಇವರು ಕ್ಲಚ್ ಒತ್ತಿ ಅವನ ಎದುರಿಗೇ "ಹ್ಞೂಂ" ಎಂದರು.

ತಾನೇ ನಡೆಯುವ ಗಾಡಿ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ನಮ್ಮಪ್ಪನ ಕಾಲದಲ್ಲಿ ಎತ್ತಿನ ಗಾಡಿಗಳೆಲ್ಲ ಆಟೋಮ್ಯಾಟಿಕ್ಕೇ. ಸಂತೆ ಮುಗಿಸಿ ಗಾಡಿ ಹತ್ತಿ ಮಲಗಿದರೆ ಎತ್ತುಗಳು ಮನೆಯ ಮುಂದೆ ತಂದು ನಿಲ್ಲಿಸುತ್ತಿದ್ದವು. ಆದರೆ ಅಪ್ಪ ಒಮ್ಮೆ ಹೊಸ ಜೋಡಿ ಕೊಂಡರು. ಕೊಂಡ ದಿನವೇ ಹಳೆಯ ಅಭ್ಯಾಸದಂತೆ ಗಾಡಿಯಲ್ಲಿ ಮಲಗಿದರು. ಎಚ್ಚರವಾದಾಗ ಗಾಡಿ ಎತ್ತು ಮಾರಿದವನ ಅಂಗಳದಲ್ಲಿ ನಿಂತಿತ್ತು. ಅವನು ಅಪ್ಪನಿಗೆ ಊಟ ಹಾಕಿ, ಎತ್ತುಗಳ ಬೆನ್ನು ಸವರಿ, ಮತ್ತೆ ದಾರಿ ತೋರಿಸಿ ಕಳಿಸಿದನಂತೆ. "ಎತ್ತು ಏನೂ ತಪ್ಪು ಮಾಡಲಿಲ್ಲ. ಅವಕ್ಕೆ ಮನೆ ಅಂದ್ರೆ ಅದೇ ತಾನೇ" ಎನ್ನುತ್ತಿದ್ದರು ಅಪ್ಪ. ನಂಬಿಕೆಗೆ ಯೋಗ್ಯವಾದ ಯಂತ್ರದ ತೊಂದರೆಯೇ ಇದು. ತನಗೆ ಗೊತ್ತಿರುವುದನ್ನು ತಪ್ಪದೆ ಮಾಡುತ್ತದೆ. ಗೊತ್ತಿಲ್ಲದ್ದು ಎದುರಾದಾಗಲೂ ಗೊತ್ತಿರುವುದನ್ನೇ ಮಾಡುತ್ತದೆ.

ದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಒಂದು ಮಾತು ಕೇಳಿದ್ದರು. "ಲಕ್ವ ಹೊಡೆಯೋ ಹಿಂದಿನ ದಿನ ಇವರಿಗೆ ಎಡಗಾಲಿನಲ್ಲೋ ಎಡಗೈಯಲ್ಲೋ ಸೋಲು ಬಂದಿತ್ತೇನಮ್ಮ? ಏನಾದರೂ ಗಮನಿಸಿದ್ರಾ?"

"ಇಲ್ಲ ಸಾರ್, ಚೆನ್ನಾಗೇ ಇದ್ರು" ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹನ್ನೊಂದನೆಯ ದಿನ ವ್ಯಾನಿನ ಬಾಗಿಲು ತೆಗೆದು, ಕ್ಲಚ್ಚಿನ ರಬ್ಬರು ಸವೆದಿರುವುದನ್ನು ನೋಡುತ್ತ ನಿಂತಾಗ ನನಗೆ ತಿಳಿಯಿತು. ಅವರ ಕಾಲು ಅವತ್ತು ನಿಜವಾಗಿಯೂ ಪೂರ್ತಿ ಒತ್ತಿರಲಿಲ್ಲ. ಅವರು ಒತ್ತಿದ್ದೇನೆ ಎಂದುಕೊಂಡಿದ್ದರು. ಜಗಳದಲ್ಲಿ ನಾನೇ ಗೆದ್ದಿದ್ದೆ. ಇಷ್ಟು ಸರಿಯಾಗಿ ಯಾವ ಜಗಳದಲ್ಲೂ ಗೆದ್ದಿರಲಿಲ್ಲ.

ಆಮೇಲೆ ವ್ಯಾಪಾರ ಬಿಡಲು ಆಗಲಿಲ್ಲ, ಬಿಟ್ಟು ಮಾಡುವುದಾದರೂ ಏನು? ಡ್ರೈವರ್ ಇಟ್ಟುಕೊಂಡೆ. ಒಳ್ಳೆಯ ಮನುಷ್ಯ. ಆದರೆ ಎಂಜಿನ್ನಿನ ಸದ್ದು ಏರಿದೊಡನೆ ನನ್ನ ಬಲಗೈ ತಾನಾಗಿಯೇ ಗೇರಿಗೆ ಹೋಗಿ ಅವನ ಕೈಯ ಮೇಲೆ ಬೀಳುತ್ತಿತ್ತು. ಮೊದಲ ದಿನ ಎರಡು ಸಲ, ಎರಡನೆಯ ದಿನ ನಾಲ್ಕು ಸಲ. ಮೂರನೆಯ ದಿನದಿಂದ ನಾನು ಕೈಯನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಕೆಳಗೆ ಇಟ್ಟುಕೊಂಡು ಕೂರತೊಡಗಿದೆ. ನಾಲ್ಕನೆಯ ದಿನ ಅವನು ತನಗೆ ತೆಂಗಿನಕಾಯಿ ಲಾರಿಯಲ್ಲಿ ಕೆಲಸ ಸಿಕ್ಕಿದೆಯೆಂದು ಬಹಳ ಮರ್ಯಾದೆಯಿಂದ ತಿಳಿಸಿದ.

ಸರಿ, ನಾನೇ ಕಲಿಯೋಣವೆಂದು ಹೊರಟೆ. ಗೇರು ಹೇಗೂ ಗೊತ್ತು, ಇನ್ನರ್ಧ ಕಲಿತರಾಯಿತು ಎಂಬ ಲೆಕ್ಕ. ಅವರ ಸೀಟಿನಲ್ಲಿ ಕೂತ ಮೇಲೆ ಗೊತ್ತಾಯಿತು, ಆ ಕಡೆಯಿಂದ ಗೇರು ಎಡಗೈಗೆ ಬರುತ್ತದೆ. ಎಲ್ಲ ಬಲ್ಲ ನನ್ನ ಬಲಗೈ ಬಾಗಿಲ ಪಕ್ಕ ಸುಮ್ಮನೆ ಕೂತಿತ್ತು. ಎಡಗೈಗೆ ಒಂದಕ್ಷರವೂ ಬರುತ್ತಿರಲಿಲ್ಲ. ಕಾಲು ಕ್ಲಚ್ ಒತ್ತಿದ ಮೇಲೆ ಕೈ "ಹ್ಞೂಂ" ಎನ್ನುವುದನ್ನು ಕಾಯುತ್ತಿತ್ತು. ಕಾಲೂ ನನ್ನದೇ, ಕೈಯೂ ನನ್ನದೇ, ಆದರೂ ಅವೆರಡಕ್ಕೆ ಪರಿಚಯವಿಲ್ಲ. ವ್ಯಾನು ನಡುರಸ್ತೆಯಲ್ಲಿ ನಿಂತಿತು.

ಆಗ ನನ್ನ ಮೈದುನ ತಿಪ್ಪೇಸ್ವಾಮಿ, "ಅತ್ತಿಗೆ, ಈಗ ಆಟೋಮ್ಯಾಟಿಕ್ ಗೇರಿನ ವ್ಯಾನು ಬಂದಾವೆ. ಎರಡೇ ಪೆಡಲು. ನೀವು ಸುಮ್ನೆ ಸ್ಟೇರಿಂಗ್ ಹಿಡ್ಕಂಡು ಕುಂತ್ಕಳ್ರಿ" ಎಂದ. ಹಳೆಯದನ್ನು ಕೊಟ್ಟು ಅಂಥದೊಂದನ್ನು ತಂದುಕೊಳ್ಳುವ ಮೊದಲು ದುರ್ಗದ ಮೆಕ್ಯಾನಿಕ್ ಇಮಾಮ್ ಸಾಬರನ್ನು ಕೇಳಲು ಹೋದೆವು. ಹಳೆಯ ವ್ಯಾನಿನ ಹೊಟ್ಟೆಯೊಳಗಿನದೆಲ್ಲ ಅವರಿಗೆ ಗೊತ್ತು. ನಮ್ಮ ಓಡಿಸುವ ರೀತಿಯೂ ಗೊತ್ತು.

"ಲೋಡ್ ಗಾಡಿಗೆ ಆಟೋಮ್ಯಾಟಿಕ್ ಬ್ಯಾಡ ಅಕ್ಕಾ" ಎಂದರು ಸಾಬರು. "ಅದು ತಾನೇ ಯೋಚ್ನೆ ಮಾಡ್ತೈತೆ. ಗೇರ್ ಕೆಟ್ರೆ ಬಿಚ್ಚಿ ಜೋಡಿಸ್ಬೋದು. ಯೋಚ್ನೆ ಕೆಟ್ರೆ ನನ್ನ ಸ್ಪ್ಯಾನರ್ ಅಲ್ಲಿಗೆ ಹೋಗಲ್ಲ."

"ಹನ್ನೊಂದು ವರ್ಷ ನಾನೂ ಹಂಗೇ ಇದ್ನಲ್ಲ ಸಾಬ್ರೇ."

"ಅದೂ ನಿಜ ಬಿಡ್ರಿ. ಒಂದಿನಾನೂ ಕೆಟ್ಟಿಲ್ವಲ್ಲ ನೀವು?"

"ಒಂದಿನ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನಕ್ಕು, ರಿಪೇರಿಗೆ ಬಂದಿದ್ದ ಯಾರದೋ ಅಂಥ ವ್ಯಾನೊಂದನ್ನು ತೋರಿಸಿದರು. ಅದರಲ್ಲೂ ಒಳಗೆ ಕ್ಲಚ್ ಇದೆಯಂತೆ. ಕಾಲಿನ ಬದಲು ಒಂದು ಸಣ್ಣ ಮೋಟಾರು ಒತ್ತುತ್ತದಂತೆ. "ಪೂರ್ತಿ ಒತ್ತಿಲ್ಲ ಅಂದ್ರೆ ಇದು ಗೇರ್ ಹಾಕಾದೇ ಇಲ್ಲ ಅಕ್ಕಾ. ಇಗೋ, ಇಲ್ಲಿ ಹಳದಿ ದೀಪ ಹಚ್ತೈತೆ, ಏನೋ ಸರಿ ಇಲ್ಲ, ಮೊದಲು ತೋರಿಸ್ರಿ ಅಂತ."

ನಾನು ಆ ದೀಪದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಉದ್ದಿನಕಾಳಿನಷ್ಟು ಇತ್ತು. ಗೇರು ಬೀಳದಿದ್ದರೆ ಬೈಯಬೇಕಿಲ್ಲ, ದೀಪ ಹಚ್ಚಬೇಕು ಎಂದು ಅದನ್ನು ಮಾಡಿದವನಿಗೆ ಯಾರು ಹೇಳಿಕೊಟ್ಟರೋ. "ಇದೇ ಥರದ್ದು ತಗಳಾಣ" ಎಂದು ತಿಪ್ಪೇಸ್ವಾಮಿಗೆ ಹೇಳಿದೆ.

ಈಗ ವರ್ಷವಾಯಿತು. ನಾನೇ ಓಡಿಸುತ್ತೇನೆ, ಲೈಸೆನ್ಸೂ ಇದೆ, ಪೂರ್ತಿ ಗಾಡಿಗೆ. ಕುರಿ ಬಲೆ ಕೊಳ್ಳಲು ಬರುವ ಅಜ್ಜಂದಿರು ವ್ಯಾನಿನ ಒಳಗೆ ಇಣುಕಿ, "ಏನವ್ವಾ, ಇದು ತಾನೇ ಗೇರ್ ಹಾಕ್ಕಂತೈತಂತೆ? ನಂಬಬೋದಾ?" ಎಂದು ಕೇಳುತ್ತಾರೆ. ನಂಬಬಹುದು. ಲೋಡು ಎಳೆದಿದೆ, ಏರು ಹತ್ತಿದೆ, ಹಳದಿ ದೀಪ ಒಮ್ಮೆಯೂ ಹತ್ತಿಲ್ಲ. ನನಗಿಂತ ಮೇಲು.

ಒಂದೇ ಒಂದು ದೋಷ. ಒಂದರಿಂದ ಎರಡಕ್ಕೆ ಹೋಗುವಾಗ ಒಂದು ಗಳಿಗೆ ತಡೆಯುತ್ತದೆ. ಎಂಜಿನ್ನು ಉಸಿರು ಹಿಡಿದಂತಾಗಿ, ನಮ್ಮ ತಲೆ ಸ್ವಲ್ಪ ಮುಂದಕ್ಕೆ ತೂಗಿ, ಆಮೇಲೆ ಗೇರು ಬೀಳುತ್ತದೆ. ಇಂಥ ಗಾಡಿಗಳಿಗೆಲ್ಲ ಇದು ಇರುವುದೇ ಅಂತೆ. ಹೋದ ವಾರ ಸರ್ವೀಸಿಗೆ ಬಿಟ್ಟಾಗ ಸಾಬರು ಒಂದು ಸುತ್ತು ಓಡಿಸಿ ನೋಡಿದರು.

"ಈ ಜರ್ಕ್ ಐತಲ್ಲ ಅಕ್ಕಾ, ಕಂಪ್ಯೂಟ್ರು ಹಾಕಿ ಕಡಿಮೆ ಮಾಡಿಸ್ಬೋದು. ಅದನ್ನ ಕಲ್ತಿರೋನೊಬ್ಬ ಸಿಕ್ಕವ್ನೆ. ಅರ್ಧ ಗಂಟೆ ಕೆಲಸ."

"ಬ್ಯಾಡ ಸಾಬ್ರೇ, ಇರ್ಲಿ ಬಿಡ್ರಿ."

"ಯಾಕಕ್ಕಾ? ತೊಂದ್ರೆ ಅನ್ಸಲ್ವ?"

"ರೂಢಿ ಆಗೈತೆ" ಎಂದು ಬೀಗದ ಕೈ ಇಸಿದುಕೊಂಡೆ.

ಗ್ಯಾರೇಜಿನಿಂದ ರಸ್ತೆಗೆ ಹತ್ತುವಾಗ ವ್ಯಾನು ಎಂದಿನಂತೆ ತಡೆಯಿತು. ಹ್ಞೂಂ ಎನ್ನಲು ಬೇಕಾದಷ್ಟೇ ಹೊತ್ತು. ಆಮೇಲೆ ಎರಡನೇ ಗೇರು ಬಿತ್ತು, ಸದ್ದಿಲ್ಲದೆ, ಸರಿಯಾಗಿ. ಹ್ಞೂಂ ಎನ್ನುವವರು ಇಲ್ಲ.