ಅಳಿಯನ ಮಿದುಳಿಗೆ ನೀರುದೋಸೆ

ಅರ್ಧ ಕೇಳಿ ಪೂರ್ತಿ ಅರ್ಥವಾಯಿತೆಂದು ತಲೆಯಾಡಿಸುವ ಚಾಳಿ ನನಗೆ ಹುಟ್ಟಿನಿಂದಲೇ ಇದೆ. ಪುರಾಣ ಕೇಳುವಾಗ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ವಿಜ್ಞಾನ ಕೇಳಲು ಹೋದಾಗ ಆಯಿತು.

ವಿಜ್ಞಾನ ನಮ್ಮ ಮನೆಗೆ ಬಂದದ್ದು ಮೊಮ್ಮಗಳು ಅಶ್ವಿನಿಯಿಂದ. ಅವಳು ತಿರುವನಂತಪುರದಲ್ಲಿ ಮಿದುಳಿನ ಬಗ್ಗೆ ಸಂಶೋಧನೆ ಮಾಡುತ್ತಾಳೆ. ನಾನಿರುವುದು ತ್ರಿಪ್ಪುಣಿತ್ತುರದಲ್ಲಿ, ಅವಳ ಅಪ್ಪ ಅಮ್ಮನ ಜೊತೆ. ಅಂದರೆ ನನ್ನ ಅಳಿಯ ಸದಾನಂದ, ಮಗಳು ಶೋಭಾ. ಒಂದು ರಜೆಯಲ್ಲಿ ಅವಳು ನನಗೆ ಮೊಬೈಲಿನಲ್ಲಿ ಟೈಪು ಮಾಡಲು ಕಲಿಸಿದಳು. ಒಂದೊಂದು ಅಕ್ಷರಕ್ಕೂ ಅದೇ ಗುಂಡಿಯನ್ನು ಮತ್ತೆ ಮತ್ತೆ ಕುಟ್ಟಬೇಕು. ಕುಟ್ಟುವ ಕೆಲಸದಲ್ಲಿ ನನಗೆ ಅನುಭವವಿದೆ, ಅವಲಕ್ಕಿ ಕುಟ್ಟಿದವಳು.

ಆ ವರ್ಷ ಸದಾನಂದನಿಗೆ ಖಿನ್ನತೆ ಬಂತು. ಹೆಸರು ಸದಾನಂದ, ಕಾಯಿಲೆ ಇದು. ದೇವರಿಗೂ ನನ್ನಷ್ಟೇ ಕುಚೇಷ್ಟೆ. ಅಂಬಲಮುಗಳ್ ಕಡೆಗೆ ಕೆಲಸಕ್ಕೆ ಹೋಗಿಬರುತ್ತಿದ್ದವನು ರಜೆ ಹಾಕಿ ಕುರ್ಚಿ ಹಿಡಿದ. ಪೇಪರು ಬಿಡಿಸಿದರೆ ಪುಟ ತಿರುಗುತ್ತಿರಲಿಲ್ಲ. ವೈದ್ಯರು ಮಾತ್ರೆ ಬರೆದರು, ನಿಧಾನವಾಗಿ ಗುಣ ಕಾಣುತ್ತದೆ, ನಡುವೆ ಬಿಡಬಾರದು ಎಂದರು. ಕಾಸರಗೋಡಿನ ಬಂಧುಗಳು ಫೋನು ಮಾಡಿ, "ಮನಸ್ಸು ಗಟ್ಟಿ ಮಾಡ್ಲಿಕ್ಕೆ ಹೇಳಿ" ಎಂದರು. ಮನಸ್ಸೇನು ತುಪ್ಪವೇ, ತಣ್ಣಗೆ ಇಟ್ಟರೆ ಗಟ್ಟಿಯಾಗಲು?

ಅಪ್ಪನಿಗೆ ನಿನ್ನ ವಿದ್ಯೆಯಲ್ಲಿ ಏನಾದರೂ ಇದೆಯೇ ಎಂದು ಅಶ್ವಿನಿಗೆ ಮೆಸೇಜು ಕುಟ್ಟಿದೆ. ಅವಳು ಫೋನೇ ಮಾಡಿದಳು.

"ಅಮ್ಮೂಮ್ಮಾ, ಮಿದುಳಲ್ಲಿ ನ್ಯೂರೋಪೆಪ್ಟೈಡ್ ವೈ ಅಂತ ಒಂದುಂಟು. ಪ್ರೋಟೀನಿನ ಚೂರಿನ ಹಾಗೆ. ಭಯ, ಒತ್ತಡ ಎಲ್ಲ ತಡ್ಕೊಳ್ಲಿಕ್ಕೆ ಅದು ಬೇಕು. ಖಿನ್ನತೆ ಇರುವ ಕೆಲವರಲ್ಲಿ ಅದು ಕಮ್ಮಿ ಇರ್ತದೆ."

ಇಲಿಯನ್ನು ನೀರಿಗೆ ಬಿಡುತ್ತಾರಂತೆ. ಸ್ವಲ್ಪ ಹೊತ್ತು ಈಜಿ, ಆಮೇಲೆ ಕೈಕಾಲು ಬಿಟ್ಟು ಸುಮ್ಮನೆ ತೇಲುತ್ತದಂತೆ. ಮಿದುಳಿಗೆ ಈ ವಸ್ತು ಕೊಟ್ಟರೆ ಹೆಚ್ಚು ಹೊತ್ತು ಈಜುತ್ತದಂತೆ. ಒದ್ದಾಟ ಬಿಟ್ಟು ತೇಲುವುದನ್ನು ನಮ್ಮಲ್ಲಿ ವೈರಾಗ್ಯ ಎನ್ನುತ್ತಾರೆ, ಕಾಲಿಗೆ ಬೀಳುತ್ತಾರೆ. ಇಲಿ ಮಾಡಿದರೆ ರೋಗ.

"ಅದನ್ನೇ ಒಂದು ಮಾತ್ರೆ ಮಾಡಿ ಕೊಡ್ಲಿಕ್ಕೆ ಎಂತ ದಾಡಿ?" ಎಂದೆ.

"ನುಂಗಿದ್ರೆ ಹೊಟ್ಟೆಯಲ್ಲೇ ಜೀರ್ಣ ಆಗಿಹೋಗ್ತದೆ. ಮೂಗಿನ ದಾರಿಯಲ್ಲಿ ಕಳಿಸ್ಲಿಕ್ಕೆ ಆಗ್ತದಾ ಅಂತ ನೋಡ್ತಿದ್ದಾರೆ. ಮದ್ದು ಆಗ್ಲಿಕ್ಕೆ ಇನ್ನೂ ತುಂಬ ದೂರ ಉಂಟು. ಇನ್ನೊಂದು ತಮಾಷೆ ಗೊತ್ತುಂಟಾ? ಅದು ಜಾಸ್ತಿ ಆದ್ರೆ ಇಲಿ ಸಿಕ್ಕಾಪಟ್ಟೆ ತಿಂತದೆ."

ಮೂಗಿನ ಮಾತಿಗೆ ನನ್ನ ಮನಸ್ಸು ನನ್ನ ಯಜಮಾನರ ನಶ್ಯದ ಡಬ್ಬಿಯ ಕಡೆಗೆ ಹೋಗಿತ್ತು. ಆ ಮನುಷ್ಯ ಜನ್ಮದಲ್ಲಿ ಬೇಸರ ಪಟ್ಟವರಲ್ಲ. ಸೀನುವುದರಿಂದ ಪುರುಸೊತ್ತು ಸಿಕ್ಕಿದರೆ ತಾನೆ ಬೇಸರ? ಹಾಗಾಗಿ ಕಿವಿಗೆ ಬಿದ್ದದ್ದು ಕೊನೆಯ ವಾಕ್ಯ ಮಾತ್ರ. ಆ ವಸ್ತು ಹೆಚ್ಚಿದರೆ ಇಲಿ ತಿನ್ನುತ್ತದೆ. ಹಾಗಾದರೆ ಅಳಿಯ ತಿಂದರೆ ಆ ವಸ್ತು ಹೆಚ್ಚುತ್ತದೆ. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದೆ.

ನೀರುದೋಸೆ, ಪತ್ರೊಡೆ, ಹಲಸಿನ ಹಣ್ಣಿನ ಕಡುಬು. ಸದಾನಂದ ಎಲ್ಲವನ್ನೂ ತಿಂದ. ಪಕ್ಕದ ಮನೆಯ ಮಲಯಾಳಿಗಳಲ್ಲಿ ಉಣ್ಣುವವನು "ಮದಿ" ಎಂದರೆ ಬಡಿಸುವ ಕೈ ಅಲ್ಲೇ ನಿಲ್ಲುತ್ತದೆ. ನಮ್ಮಲ್ಲಿ ಅಳಿಯ "ಸಾಕು" ಎಂದರೆ ಇನ್ನೊಂದು ಹಾಕಬೇಕೆಂದೇ ಲೆಕ್ಕ. ಹಾಕದಿದ್ದರೆ ಅತ್ತೆ ಜಿಪುಣಿ, ಹಾಕಿದ್ದನ್ನು ಬಿಟ್ಟರೆ ಅಳಿಯ ಸೊಕ್ಕಿನವ. ಅವನ ಕೆನ್ನೆ ತುಂಬಿತು. ಬಂದವರೆಲ್ಲ ಗುಣವಾಯಿತು ಎಂದರು. ಶೋಭಾ ಕೂಡ ಹಾಗೇ ಅಂದುಕೊಂಡಳು. ನಾನು ಅಶ್ವಿನಿಗೆ, ನಿನ್ನ ಇಲಿಗಳನ್ನು ಇಲ್ಲಿಗೆ ಕಳಿಸು ಎಂದು ಮೆಸೇಜು ಬಿಟ್ಟೆ.

ಇಲಿಗಳು ಬರಲಿಲ್ಲ, ಅವಳೇ ರೈಲು ಹತ್ತಿ ಬಂದಳು. ಅಪ್ಪನ ಎದುರು ಕೂತು ನೇರವಾಗಿ ಕೇಳಿದಳು. "ಪಪ್ಪಾ, ಹಸಿವುಂಟಾ?"

"ಇಲ್ಲ."

"ರುಚಿ?"

"ಗೊತ್ತಾಗುದಿಲ್ಲ."

"ಮತ್ತೆ ಯಾಕೆ ತಿಂತೀರಿ?"

"ಅತ್ತೆ ಬಡಿಸಿದ್ದನ್ನು ಬೇಡ ಹೇಳುದು ಹೇಗೆ?" ಎಂದ ಸದಾನಂದ. ಆಮೇಲೆ, "ಎಲ್ಲರೂ ಗುಣ ಆಯ್ತು ಹೇಳಿದ್ರಲ್ಲ. ಮಾತ್ರೆ ಬಿಟ್ಟೆ" ಎಂದ.

ಶೋಭಾ ಮಾತ್ರೆಯ ಡಬ್ಬಿ ಹುಡುಕಲು ಒಳಗೆ ಓಡಿದಳು. ಅಶ್ವಿನಿ ನನ್ನತ್ತ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. "ಅಮ್ಮೂಮ್ಮಾ, ಮಳೆ ಬಂದ್ರೆ ಕೊಡೆ ಬಿಡಿಸ್ತಾರೆ. ಕೊಡೆ ಬಿಡಿಸಿದ್ರೆ ಮಳೆ ಬರ್ತದಾ?" ಎಂದಳು. ಎಪ್ಪತ್ತು ದಾಟಿದ ಮೇಲೆ ತರ್ಕಶಾಸ್ತ್ರದ ಮೊದಲ ಪಾಠ.

ಮರುದಿನ ತಂದೆ ಮಗಳು ವೈದ್ಯರಲ್ಲಿಗೆ ಹೋದರು. ಮಾತ್ರೆ ಪುನಃ ಶುರುವಾಯಿತು. ಅಳಿಯ ಬೇಕೆಂದರೆ ಮಾತ್ರ ಬಡಿಸಬೇಕೆಂದು ನನಗೆ ಕಟ್ಟಪ್ಪಣೆಯಾಯಿತು. ಸೌಟು ಹಿಡಿದು ಸುಮ್ಮನೆ ನಿಲ್ಲುವುದು ಎಂಥ ತಪಸ್ಸೆಂದು ಅತ್ತೆಯಾದವರಿಗಷ್ಟೇ ಗೊತ್ತು. ಅವನು ಅರ್ಧ ದೋಸೆಗೆ ಏಳುತ್ತಿದ್ದ. ನಾನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ. ವಾರಗಳು ಹೀಗೇ ಹೋದವು.

ಒಂದು ಮಧ್ಯಾಹ್ನ ಅನ್ನ ಕಲಸಿದವನು ಮೊದಲ ತುತ್ತಿಗೇ ಮುಖ ಕಿವುಚಿದ. "ಅತ್ತೇ, ಸಾಂಬಾರಿಗೆ ಉಪ್ಪು ಜಾಸ್ತಿ ಆಗಿದೆ."

"ಎಂತದು ನಿಮ್ಮದು? ಅಮ್ಮನ ಹತ್ರ ಹಾಗೆ ಹೇಳುದಾ?" ಶೋಭಾ ಗಾಬರಿಯಾದಳು.

ನಾನು ಒಂದು ಹನಿ ಅಂಗೈಗೆ ಹಾಕಿ ನೆಕ್ಕಿದೆ. ಉಪ್ಪು ಹದವಾಗಿತ್ತು. ಹಾಗೆಂದೆ. ಇಲ್ಲ ಎಂದ. ನಿನ್ನ ನಾಲಿಗೆ ಸರಿಯಿಲ್ಲ ಎಂದೆ. ನಾಲಿಗೆ ಅಲ್ಲ ಅತ್ತೆ, ನಿಮ್ಮ ಕಣ್ಣು ಸರಿಯಿಲ್ಲ, ಎರಡು ಸಲ ಹಾಕಿದ್ದೀರಿ ಎಂದ. ತಿಂಗಳುಗಟ್ಟಲೆ ಒಂದು ಮಾತಿಗೂ ಎದುರಾಡದಿದ್ದ ಮನುಷ್ಯ! ಅನ್ನ ಆರಿತು, ನಾವು ಬಿಡಲಿಲ್ಲ.

ಅಳಿಯನ ಹತ್ತಿರ ಜಗಳವಾಡಿ ಅಷ್ಟು ಸುಖವಾಗಿ ಮಧ್ಯಾಹ್ನದ ನಿದ್ದೆ ಮಾಡಿದ್ದು ಅದೇ ಮೊದಲು. ಎದ್ದಾಗ ಅವನು ಅಡುಗೆಮನೆಯಲ್ಲಿ ತನಗೆ ತಾನೇ ಚಹಾ ಮಾಡಿಕೊಳ್ಳುತ್ತಿದ್ದ. ನನಗೆ ಬೇಕೇ ಎಂದು ಕೇಳಲಿಲ್ಲ.